ತಣ್ಣೀರಿನ ಡೈವ್‌ನಲ್ಲಿ ಸಲಕರಣೆ ಕೈಕೊಟ್ಟಾಗ: ಒಂದು ಸಮಗ್ರ ಮಾರ್ಗದರ್ಶಿ

ನಾನು ಸ್ಕೂಬಾ ಕಲಿತದ್ದು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಳಿ. ಅಲ್ಲಿ ನೀರು 28 ಡಿಗ್ರಿ ಆಸುಪಾಸು. ತೆಳ್ಳನೆಯ ವೆಟ್‌ಸೂಟ್ ಹಾಕಿಕೊಂಡು ಇಳಿದರೆ ಆಯಿತು, ಚಳಿಯ ಮಾತೇ ಇಲ್ಲ. ಆಮೇಲೆ ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದೆ. ಇಲ್ಲಿ ಲೆಸ್ಟರ್‌ಶೈರ್‌ನಲ್ಲಿ ಸ್ಟೋನಿ ಕೋವ್ ಅಂತ ಒಂದು ಹಳೆಯ ಕಲ್ಲು ಕ್ವಾರಿ ಇದೆ. ಗ್ರಾನೈಟ್ ತೆಗೆದ ಹೊಂಡದಲ್ಲಿ ಈಗ ನೀರು ನಿಂತಿದೆ. ಸುಮಾರು 35 ಮೀಟರ್ ಆಳ. ಇಲ್ಲಿನ ಡೈವರ್‌ಗಳಿಗೆ ಅದೇ ಗರಡಿಮನೆ.

ಒಂದು ಫೆಬ್ರುವರಿಯಲ್ಲಿ ನಾನೂ ಜೊತೆಗಾರನೂ ಅಲ್ಲಿ ಮುಳುಗಿಸಿಟ್ಟಿರುವ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ಹಡಗು ನೋಡಲು ಇಳಿದೆವು. ನೀರು 5 ಡಿಗ್ರಿ. 18 ಮೀಟರ್ ದಾಟುತ್ತಿದ್ದಂತೆ ನನ್ನ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಡಲು ತಕ್ಕ ಹಾಗೆ ಬಾಯಿಗೆ ಕೊಡುವ ಸಾಧನ) ಒಡೆದ ನಲ್ಲಿಯ ಹಾಗೆ ಗಾಳಿ ಉಗುಳಲು ಶುರುಮಾಡಿತು. ನಿಲ್ಲಲೇ ಇಲ್ಲ. ಜೊತೆಗಾರನ ಆಕ್ಟೋಪಸ್ (ಇನ್ನೊಬ್ಬರಿಗೆ ಬೇಕಾದೀತು ಅಂತ ಇಟ್ಟುಕೊಳ್ಳುವ ಎರಡನೇ ಬಾಯಿ ತುಂಡು) ಕಚ್ಚಿಕೊಂಡು ಮೇಲೆ ಬಂದು ನೋಡಿದರೆ ನನ್ನ ಸಿಲಿಂಡರ್ ಖಾಲಿ. ಇಳಿಯುವಾಗ ಅದರಲ್ಲಿ 200 ಬಾರ್ (ಒತ್ತಡದ ಅಳತೆ) ಇತ್ತು.

ತಪ್ಪು ಪೂರ್ತಿ ನನ್ನದೇ. ಅದು ಬಿಸಿ ನೀರಿಗೆಂದು ಕೊಂಡಿದ್ದ ರೆಗ್ಯುಲೇಟರ್. "10 ಡಿಗ್ರಿಗಿಂತ ಮೇಲೆ ಮಾತ್ರ" ಎಂಬ ಗುರುತು ಅದರ ಮೈಮೇಲೇ ಕೊರೆದಿತ್ತು. ಎರಡು ವರ್ಷ ಬಳಸಿದ್ದರೂ ನಾನು ಅದನ್ನು ಓದಿರಲಿಲ್ಲ.

ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ತೊಂದರೆಗೂ "ಇದನ್ನು ಎಲ್ಲಿ ಸರಿಮಾಡಬೇಕು?" ಅಂತ ಕೇಳಿಕೊಳ್ಳುತ್ತೇನೆ. ಮನೆಯಲ್ಲಾ, ಕಾರ್ ಪಾರ್ಕಿನಲ್ಲಾ, ನೀರಿನಲ್ಲಾ? ತಣ್ಣೀರಿನಲ್ಲಿ ಬೆರಳು ಮರಗಟ್ಟಿರುತ್ತದೆ, ತಲೆ ನಿಧಾನವಾಗಿರುತ್ತದೆ. ರಿಪೇರಿಗೆ ಅದು ಜಾಗವೇ ಅಲ್ಲ. ಈ ಮಾರ್ಗದರ್ಶಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ. ಡ್ರೈಸೂಟ್ (ನೀರು ಒಳಬಾರದ, ಒಳಗೆ ಗಾಳಿ ತುಂಬುವ ಉಡುಪು) ತರಬೇತಿ ಆಗಿರುವವರಿಗೆ ಇದು ನೆನಪಿನ ಪಟ್ಟಿ. ಆಗಿಲ್ಲದವರು ಮೊದಲು ಆ ತರಬೇತಿ ಮುಗಿಸಿ.

ಇನ್ನೊಂದು ಮಾತು. ಜೊತೆಯಲ್ಲಿ ಇಳಿಯುವವರನ್ನು ಇಲ್ಲಿ 'ಬಡ್ಡಿ' ಅನ್ನುತ್ತಾರೆ. ನಮಗೆ ಬಡ್ಡಿ ಅಂದರೆ ಬ್ಯಾಂಕೇ ನೆನಪಾಗುವುದು, ಅಲ್ವಾ? ಹಾಗಾಗಿ ಜೊತೆಗಾರ ಅಂತಲೇ ಬರೆಯುತ್ತೇನೆ.

ಹಂತ 1: ಒಂದು ವಾರ ಮೊದಲು, ರೆಗ್ಯುಲೇಟರ್

ತಣ್ಣೀರಿನಲ್ಲಿ ರೆಗ್ಯುಲೇಟರ್ ಯಾಕೆ ಹೆಪ್ಪುಗಟ್ಟುತ್ತದೆ ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಸೈಕಲ್ ಚಕ್ರದ ಗಾಳಿಯನ್ನು ಒಮ್ಮೆಲೇ ಬಿಟ್ಟು ವಾಲ್ವ್ ಹತ್ತಿರ ಬೆರಳಿಟ್ಟು ನೋಡಿ. ತಣ್ಣಗಿರುತ್ತದೆ. ಒತ್ತಿಟ್ಟ ಗಾಳಿ ಹಿಗ್ಗುವಾಗ ತಂಪಾಗುತ್ತದೆ. ಚಕ್ರದಲ್ಲಿ ಇರುವುದು ನಾಲ್ಕೈದು ಬಾರ್. ಸಿಲಿಂಡರಿನಲ್ಲಿ 200ಕ್ಕೂ ಮೇಲೆ. ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರಿಗೆ ಕೂರುವ ರೆಗ್ಯುಲೇಟರಿನ ಭಾಗ, ಅದನ್ನು ಒಂದೇ ಏಟಿಗೆ, ಸುತ್ತಲಿನ ನೀರಿನ ಒತ್ತಡಕ್ಕಿಂತ 10 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಆಗ ಅದರ ಒಳಗಿನ ಲೋಹ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನೇತ್ರಾಣಿಯಲ್ಲಾದರೆ ಸುತ್ತಲಿನ ಬೆಚ್ಚನೆಯ ನೀರು ಆ ಲೋಹವನ್ನು ಮತ್ತೆ ಕಾಯಿಸುತ್ತದೆ. 4 ಡಿಗ್ರಿ ನೀರಿಗೆ ಆ ಶಕ್ತಿ ಇಲ್ಲ. ಸ್ಪ್ರಿಂಗ್ ಸುತ್ತಲಿನ ನೀರು ಮಂಜುಗಡ್ಡೆಯಾಗಿ ವಾಲ್ವನ್ನು ತೆರೆದ ಸ್ಥಿತಿಯಲ್ಲೇ ಹಿಡಿದುಬಿಡುತ್ತದೆ. ಗಾಳಿ ಜಾಸ್ತಿ ಹರಿಯುತ್ತದೆ, ಹರಿದಷ್ಟೂ ಇನ್ನೂ ತಂಪಾಗುತ್ತದೆ, ಮಂಜು ಇನ್ನೂ ಗಟ್ಟಿಯಾಗುತ್ತದೆ. ಇದೇ ಫ್ರೀ ಫ್ಲೋ.

ಬಾಯಲ್ಲಿ ಕಚ್ಚುವ ಭಾಗವಾದ ಸೆಕೆಂಡ್ ಸ್ಟೇಜ್‌ನಲ್ಲೂ ಹೀಗೇ ಆಗಬಹುದು. ಅಲ್ಲಿ ಮಂಜಾಗುವುದು ನಮ್ಮ ಉಸಿರಿನ ತೇವ.

ಮನೆಯಲ್ಲಿ ನೋಡಬೇಕಾದ್ದು ಇಷ್ಟು.

ಮೊದಲು ಗುರುತು ಓದಿ. ಯೂರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದು ತಣ್ಣೀರು. ರೆಗ್ಯುಲೇಟರ್ ಮೇಲೆ ಇಎನ್ 250 ಜೊತೆಗೆ "10 ಡಿಗ್ರಿಗಿಂತ ಹೆಚ್ಚು" ಎಂಬ ಚಿಹ್ನೆ ಇದ್ದರೆ ಅದನ್ನು ರಜೆಯ ಪ್ರವಾಸಕ್ಕೆ ಎತ್ತಿಡಿ. 250ರ ಪಕ್ಕ 'ಎ' ಅಕ್ಷರ ಇದ್ದರೆ, ಇಬ್ಬರು ಒಟ್ಟಿಗೆ ಅದರಿಂದ ಉಸಿರಾಡಲು ತಕ್ಕದ್ದೇ ಅಂತ ಪರೀಕ್ಷೆಯಾಗಿದೆ ಎಂದು ಅರ್ಥ. ತಣ್ಣೀರಿಗೆ ಈ 'ಎ' ಬಹಳ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಸದು ಕೊಳ್ಳುವವರು ಫಸ್ಟ್ ಸ್ಟೇಜ್ 'ಸೀಲ್' ಆಗಿರುವುದನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನೀರು ಸ್ಪ್ರಿಂಗ್ ತನಕ ಹೋಗದಂತೆ ಇನ್ನೊಂದು ಪೊರೆ ಇರುತ್ತದೆ. ಇದ್ದರೆ ಹೆಪ್ಪುಗಟ್ಟುವುದೇ ಇಲ್ಲ ಅಂತಲ್ಲ, ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ.

ಸರ್ವಿಸ್ ತಪ್ಪಿಸಬೇಡಿ. ಫಸ್ಟ್ ಸ್ಟೇಜ್‌ನಿಂದ ಬರುವ ಒತ್ತಡ ನಿಧಾನವಾಗಿ ಏರುತ್ತಾ ಹೋಗುತ್ತಿದ್ದರೆ ಸೀಟ್ (ವಾಲ್ವ್ ಮುಚ್ಚಿ ಕೂರುವ ಜಾಗ) ಸವೆದಿದೆ ಎಂದು ಅರ್ಥ. ಬಿಸಿ ನೀರಿನಲ್ಲಿ ಅದು ಬರೀ ಒಂದೆರಡು ಗುಳ್ಳೆಯಾಗಿ ಕಾಣುತ್ತದೆ. ತಣ್ಣೀರಿನಲ್ಲಿ ಅದೇ ಫ್ರೀ ಫ್ಲೋಗೆ ಬೀಜ.

ನನ್ನನ್ನು ಕೇಳಿದರೆ, ಹೊಸ ಕ್ಯಾಮೆರಾ, ಹೊಸ ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ಪುಟ್ಟ ಯಂತ್ರ) ಎಲ್ಲ ಆಮೇಲೆ. ಮೊದಲ ದುಡ್ಡು ಪೋನಿ ಸಿಲಿಂಡರಿಗೆ ಹೋಗಲಿ. 3 ಲೀಟರಿನ ಪುಟ್ಟ ಸಿಲಿಂಡರ್, ಅದಕ್ಕೇ ಬೇರೆ ರೆಗ್ಯುಲೇಟರ್. ದೊಡ್ಡದು ಹೆಪ್ಪುಗಟ್ಟಿದರೆ ಯಾರ ಬಾಯಿಯ ಕಡೆಗೂ ನೋಡದೆ ಮೇಲೆ ಬರಬಹುದು.

ಹಂತ 2: ಡ್ರೈಸೂಟನ್ನು ಮನೆಯಲ್ಲೇ ಪರೀಕ್ಷಿಸಿ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ಹಾಗಾಗಿ ಡ್ರೈಸೂಟಿನ ಸಣ್ಣ ತೂತೂ ಸಣ್ಣದಲ್ಲ.

ತೂತು ಹುಡುಕಲು ಸೂಟನ್ನು ಬಲೂನ್ ಮಾಡಬೇಕು. ಎರಡು ತೋಳಿನ ತುದಿಯಲ್ಲಿ ನೀರು ತಡೆಯುವ ಬಿಗಿ ಪಟ್ಟಿಗಳಿಗೆ, ಅಂದರೆ ಸೀಲ್‌ಗಳಿಗೆ, ಖಾಲಿ ಪ್ಲಾಸ್ಟಿಕ್ ಬಾಟಲಿ ತುರುಕಿ. ಕುತ್ತಿಗೆಗೆ ಅಂಚು ನುಣುಪಾಗಿರುವ ಒಂದು ಸ್ಟೀಲ್ ಡಬ್ಬಿ. ನಮ್ಮ ಮನೆಯ ಅವಲಕ್ಕಿ ಡಬ್ಬಿ ಅಳತೆ ತೆಗೆದ ಹಾಗೆ ಕೂರುತ್ತದೆ. ಹೆಂಡತಿಗೆ ಇದು ಇಷ್ಟವಿಲ್ಲ, ಅದು ಬೇರೆ ವಿಷಯ. ಜಿಪ್ ಹಾಕಿ, ಗಾಳಿ ಹೊರಬಿಡುವ ವಾಲ್ವನ್ನು ಪೂರ್ತಿ ಮುಚ್ಚಿ, ಗಾಳಿ ತುಂಬಿಸಿ. ಸೂಟ್ ಉಬ್ಬಿ ನಿಂತ ಮೇಲೆ ಸೋಪಿನ ನೀರನ್ನು ಹೊಲಿಗೆ, ಜಿಪ್, ವಾಲ್ವ್ ಸುತ್ತ ಸವರಿ. ಗುಳ್ಳೆ ಬಂದ ಕಡೆ ಗುರುತು ಹಾಕಿಕೊಳ್ಳಿ.

ಸೀಲ್: ಲೇಟೆಕ್ಸ್ ಸೀಲನ್ನು ಸ್ವಲ್ಪ ಎಳೆದು ಬೆಳಕಿಗೆ ಹಿಡಿಯಿರಿ. ಅಂಟಂಟಾಗಿದ್ದರೆ, ಸಣ್ಣ ಬಿರುಕುಗಳು ಕಂಡರೆ, ಬದಲಾಯಿಸಿ. "ಇನ್ನೊಂದು ಡೈವ್ ಬರುತ್ತದೆ" ಅನ್ನಬೇಡಿ. ಅದು ಹರಿಯುವುದು ಕಾರ್ ಪಾರ್ಕಿನಲ್ಲಿ, ತಲೆ ತೂರಿಸುವಾಗ. ಹಾಕಿಕೊಳ್ಳುವಾಗ ವಾಸನೆಯಿಲ್ಲದ ಟಾಲ್ಕಂ ಪೌಡರ್ ಹಚ್ಚಿ. ಸಿಲಿಕೋನ್ ಸ್ಪ್ರೇ ಬೇಡ, ಮುಂದೆ ಹೊಸ ಸೀಲ್ ಅಂಟಿಸುವಾಗ ಅಂಟು ಹಿಡಿಯುವುದಿಲ್ಲ. ಉಂಗುರ, ಕಡಗ ತೆಗೆದಿಡಿ. ಉಗುರು ಕತ್ತರಿಸಿ.

ಜಿಪ್: ಹಿತ್ತಾಳೆ ಹಲ್ಲಿನ ಜಿಪ್‌ಗೆ ಮುಚ್ಚಿದ ಮೇಲೆ ಹೊರಗಿನಿಂದ ಜೇನುಮೇಣ ಉಜ್ಜಿ. ಪ್ಲಾಸ್ಟಿಕ್ ಹಲ್ಲಿನದಾದರೆ ಜಿಪ್ ಜೊತೆ ಬರುವ ಗ್ರೀಸ್ ಮಾತ್ರ, ಅದೂ ಕೊನೆಯ ತುದಿಗೆ. ಒಂದು ಹಲ್ಲು ವಾರೆಯಾಗಿದ್ದರೂ ಬಲವಂತ ಮಾಡಬೇಡಿ. ಸೂಟಿನಲ್ಲಿ ಅತಿ ದುಬಾರಿ ರಿಪೇರಿ ಇದೇ.

ವಾಲ್ವ್: ಗಾಳಿ ಹೊರಬಿಡುವ ವಾಲ್ವ್‌ನಿಂದ ನೀರು ಒಳಗೆ ಬರುತ್ತಿದ್ದರೆ ವಾಲ್ವ್ ಕೆಟ್ಟಿದೆ ಅಂತ ಬೇಗ ತೀರ್ಮಾನ ಮಾಡಬೇಡಿ. ಒಳಗೆ ಹಾಕುವ ಉಣ್ಣೆ ಉಡುಪಿನ ಒಂದು ಎಳೆ ಸಿಕ್ಕಿಕೊಂಡಿದ್ದರೂ ಸಾಕು. ಬೆಚ್ಚಗಿನ ನೀರಿನಲ್ಲಿ ತೊಳೆದು ಹತ್ತು ಸಲ ಒತ್ತಿಬಿಡಿ. ಅರ್ಧದಷ್ಟು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಹಂತ 3: ಸಾಮಾನಿನ ಡಬ್ಬಿ

ಒಂದು ಗಟ್ಟಿ ಡಬ್ಬಿ ಇಡಿ. ಅದರಲ್ಲಿ ಬೇರೆ ಬೇರೆ ಅಳತೆಯ ಓ ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ), ಬಾಯಿಗೆ ಕಚ್ಚುವ ರಬ್ಬರ್ ತುಂಡು, ಜಿಪ್ ಟೈ, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಅಡ್ಜಸ್ಟಬಲ್ ಸ್ಪ್ಯಾನರ್, ಅಲೆನ್ ಕೀ, ಟಾರ್ಚಿನ ಮತ್ತು ಕಂಪ್ಯೂಟರಿನ ಬ್ಯಾಟರಿ ಇರಲಿ. ಒಂದು ಜೊತೆ ಒಣ ಗ್ಲೌಸ್ ಕೂಡ. ಬಿಸಿನೀರಿನ ಫ್ಲಾಸ್ಕನ್ನು ಸಲಕರಣೆ ಅಂತಲೇ ಎಣಿಸಿ. ಚಹಾಕ್ಕೂ ಆಯಿತು, ಹೆಪ್ಪುಗಟ್ಟಿದ ವಾಲ್ವ್ ಮೇಲೆ ಸುರಿಯುವುದಕ್ಕೂ ಆಯಿತು.

ಬ್ಯಾಟರಿಗಳು ಚಳಿಯಲ್ಲಿ ಬೇಗ ಸೋಲುತ್ತವೆ. ಮನೆಯಲ್ಲಿ ಅರ್ಧ ತೋರಿಸಿದ್ದು ನೀರಿನಲ್ಲಿ ಕೆಂಪು ತೋರಿಸಬಹುದು. ಪೂರ್ತಿ ತುಂಬಿಸಿ, ಹೊರಡುವ ತನಕ ಜಾಕೆಟ್ ಜೇಬಿನಲ್ಲಿ ಬೆಚ್ಚಗಿಡಿ. ಟಾರ್ಚ್ ಎರಡು ಬೇಕು.

ಹಂತ 4: ಕಾರ್ ಪಾರ್ಕಿನಲ್ಲಿ

ಮೊದಲು ಸಲಕರಣೆ ಜೋಡಿಸಿ, ಆಮೇಲೆ ಸೂಟ್ ಹಾಕಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ದಪ್ಪ ಉಡುಪು ಹಾಕಿಕೊಂಡು ಸಿಲಿಂಡರ್ ಎತ್ತಿದರೆ ಬೆವರುತ್ತೀರಿ. ಒದ್ದೆಯಾದ ಒಳಉಡುಪು ನೀರಿಗಿಳಿದ ಹತ್ತೇ ನಿಮಿಷದಲ್ಲಿ ಸೇಡು ತೀರಿಸಿಕೊಳ್ಳುತ್ತದೆ.

ಗೇಜ್ ನೋಡಿದಾಗ ನಿನ್ನೆಗಿಂತ ಕಡಿಮೆ ಕಂಡರೆ ಗಾಬರಿ ಬೇಡ. ತುಂಬಿಸುವಾಗ ಸಿಲಿಂಡರ್ ಬೆಚ್ಚಗಿರುತ್ತದೆ. 25 ಡಿಗ್ರಿಯಲ್ಲಿ 232 ಬಾರ್ ಇದ್ದದ್ದು 5 ಡಿಗ್ರಿಗೆ ಬಂದಾಗ ಸುಮಾರು 216 ಆಗುತ್ತದೆ. ಸೋರಿಕೆ ಅಲ್ಲ. ಆದರೆ ಗಾಳಿಯ ಲೆಕ್ಕವನ್ನು ತಣ್ಣಗಾದ ಮೇಲಿನ ಅಂಕಿಯಿಂದಲೇ ಹಾಕಿ. ಉಸಿರೆಳೆದಾಗ ಮುಳ್ಳು ಅಲ್ಲಾಡಿದರೆ ಮಾತ್ರ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದು ತಿಳಿಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ನಿಯಮ. ಹೊರಗೆ ಸೊನ್ನೆ ಹತ್ತಿರ ಚಳಿ ಇದ್ದಾಗ ನೀರಿನ ಹೊರಗೆ ರೆಗ್ಯುಲೇಟರ್‌ನಲ್ಲಿ ಉಸಿರಾಡಬೇಡಿ. ಸುಮ್ನೆ ಬಟನ್ ಒತ್ತಿ 'ಫುಸ್' ಅನ್ನಿಸಬೇಡಿ. ನಿಮ್ಮ ಉಸಿರಿನ ತೇವ ಒಳಗೆ ಕೂತು ಅಲ್ಲೇ ಮಂಜಾಗುತ್ತದೆ. ಪರೀಕ್ಷೆ ಮಾಡಲೇಬೇಕು ಅಂದರೆ ಅದರಿಂದ ಒಳಕ್ಕೆ ಎಳೆದುಕೊಳ್ಳಿ, ಅದನ್ನು ಬಾಯಿಂದ ತೆಗೆದು ಉಸಿರು ಹೊರಕ್ಕೆ ಬಿಡಿ. ಸರಿಯಾದ ಪರೀಕ್ಷೆ ನೀರಿಗಿಳಿದ ಮೇಲೆ, ರೆಗ್ಯುಲೇಟರ್ ಮುಳುಗಿದ ಮೇಲೆ.

ಕೂದಲು ಕುತ್ತಿಗೆ ಸೀಲ್ ಒಳಗೆ ಸಿಕ್ಕಿದೆಯಾ ನೋಡಿಸಿ. ಜಿಪ್ ಹಾಕಿದವರು ಒಬ್ಬರು, ನೋಡುವವರು ಇನ್ನೊಬ್ಬರು ಆಗಿರಲಿ. ಒಮ್ಮೆ ನನ್ನ ಬೆನ್ನಿನ ಜಿಪ್ ಎರಡು ಸೆಂಟಿಮೀಟರ್ ತೆರೆದೇ ಇತ್ತು. ಹಾಕಿದವರು "ಆಯ್ತು" ಅಂದರು, ನಾನು ನಂಬಿದೆ. ಸೊಂಟದ ತನಕ ನೀರಿಗಿಳಿದಾಗ ಏನೂ ಆಗಲಿಲ್ಲ. ಭುಜ ಮುಳುಗಿದಾಗ ಐಸ್ ನೀರು ಬೆನ್ನಿನ ಮೇಲಿಂದ ಕಾಲಿನ ತನಕ ಇಳಿಯಿತು. ಆ ಭಾನುವಾರ ಪೂರ್ತಿ ಕಾರಿನ ಹೀಟರ್ ಮುಂದೆ ಕಳೆಯಿತು.

ಗ್ಲೌಸ್ ಹಾಕಿದ ಮೇಲೆ ಮೂರು ಕೆಲಸ ಮಾಡಿ ತೋರಿಸಿ: ಸೂಟಿನ ಗಾಳಿ ಕೊಳವೆ ಬಿಚ್ಚಿ ಮತ್ತೆ ಹಾಕುವುದು, ಬಿಸಿಡಿ (ಗಾಳಿ ತುಂಬಿ ತೇಲಿಸುವ ಜಾಕೆಟ್) ಕೊಳವೆ ಬಿಚ್ಚಿ ಹಾಕುವುದು, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕದ ಪಟ್ಟಿ ಬಿಡಿಸುವ ಹಿಡಿಯನ್ನು ಮುಟ್ಟುವುದು. ದಡದಲ್ಲಿ ಬೆರಳು ಬೆಚ್ಚಗಿದ್ದಾಗಲೇ ಆಗದಿದ್ದರೆ ಕೆಳಗೆ ಖಂಡಿತ ಆಗದು. ಗ್ಲೌಸ್ ಬದಲಾಯಿಸಿ, ಇಲ್ಲವೇ ಕೊಂಡಿಗಳನ್ನು ದೊಡ್ಡದು ಮಾಡಿಸಿ.

ತೂಕ: ಡ್ರೈಸೂಟಿಗೆ ತೂಕ ಜಾಸ್ತಿ ಬೇಕು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿಯೇ ಸುಮಾರು 2.9 ಕೆಜಿ ತೂಗುತ್ತದೆ. ಡೈವ್ ಮುಗಿಯುವಾಗ ಅದರಲ್ಲಿ ಎರಡು ಕೆಜಿಗೂ ಮೇಲೆ ಹೋಗಿರುತ್ತದೆ. ತುಂಬಿದ ಸಿಲಿಂಡರಿನಲ್ಲಿ ತೇಲುವ ಪರೀಕ್ಷೆ ಮಾಡಿದ್ದರೆ ಆ ಎರಡು ಕೆಜಿಯನ್ನು ಸೇರಿಸಿ. ಇಲ್ಲದಿದ್ದರೆ ಮೇಲೆ ಬರುವಾಗಿನ 5 ಮೀಟರಿನ ನಿಲುಗಡೆಯಲ್ಲಿ ಬಾಟಲಿ ಬಿರಡೆಯ ಹಾಗೆ ಮೇಲೆ ಚಿಮ್ಮುತ್ತೀರಿ.

ಹಂತ 5: ನೀರಿಗಿಳಿದ ಮೇಲೆ

ದಡದ ಹತ್ತಿರ ಮುಖವನ್ನು ಒಂದು ನಿಮಿಷ ನೀರಿನಲ್ಲಿ ಅದ್ದಿಡಿ. ಮೊದಲ ಸಲ ತಣ್ಣೀರು ತಾಗಿದಾಗ ಉಸಿರು ಸಿಕ್ಕಿಕೊಂಡ ಹಾಗಾಗುತ್ತದೆ. ಅದು ಕಳೆಯಲಿ. ಇದನ್ನು ಮಾಡದೆ ಇಳಿದವರ ಮಾಸ್ಕಿಗೆ 15 ಮೀಟರಿನಲ್ಲಿ ನೀರು ನುಗ್ಗಿದರೆ ಅವರು ಮೂಗಿನಿಂದ ಉಸಿರೆಳೆದು ಗಾಬರಿಯಾಗುತ್ತಾರೆ. ತುಟಿಗೆ ಜೋಮು ಹಿಡಿಯುವುದೂ ಸಹಜ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ ನೀರು 2ರಿಂದ 4 ಡಿಗ್ರಿ. ಅಲ್ಲಿ ಬಾಯಲ್ಲಿ ರೆಗ್ಯುಲೇಟರ್ ಇದೆಯೋ ಇಲ್ಲವೋ ಅಂತ ಹಲ್ಲಿನಿಂದಲೇ ತಿಳಿಯಬೇಕು.

ಇಳಿಯುವಾಗ ಸೂಟಿಗೂ ಬಿಸಿಡಿಗೂ ಗಾಳಿಯನ್ನು ಚಿಕ್ಕ ಚಿಕ್ಕದಾಗಿ ಕೊಡಿ. ಉಸಿರು ಎಳೆಯುತ್ತಿರುವಾಗಲೇ ಬಟನ್ ಒತ್ತಬೇಡಿ. ಎರಡೂ ಒಟ್ಟಾದರೆ ಫಸ್ಟ್ ಸ್ಟೇಜ್ ಮೂಲಕ ಒಮ್ಮೆಲೇ ಜಾಸ್ತಿ ಗಾಳಿ ಹೋಗಿ ಅದು ಹೆಪ್ಪುಗಟ್ಟುತ್ತದೆ. ಜೋರಾಗಿ ಈಜಬೇಡಿ, ಏದುಸಿರಿಗೂ ಇದೇ ಫಲ.

ಫ್ರೀ ಫ್ಲೋ ಆದರೆ

1. ರೆಗ್ಯುಲೇಟರನ್ನು ಬಾಯಿಂದ ಕಿತ್ತು ಎಸೆಯಬೇಡಿ. ಅದು ಗಾಳಿ ಕೊಡುತ್ತಲೇ ಇದೆ. ತುಟಿ ಸಡಿಲ ಬಿಡಿ, ತಲೆ ಸ್ವಲ್ಪ ಓರೆ ಮಾಡಿ, ಬೇಕಾದಷ್ಟು ಎಳೆದುಕೊಂಡು ಉಳಿದದ್ದು ಹೊರಗೆ ಹೋಗಲಿ. ತುಟಿ ಬಿಗಿ ಹಿಡಿಯಬಾರದು.

2. ಜೊತೆಗಾರನಿಗೆ ಸನ್ನೆ ಮಾಡಿ. ಪೋನಿ ಇದ್ದರೆ ಅದಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಅವನ ಆಕ್ಟೋಪಸ್. ತಡ ಬೇಡ. 20 ಮೀಟರಿನಲ್ಲಿ ಸಿಲಿಂಡರ್ ಖಾಲಿಯಾಗಲು ಕೆಲವೇ ನಿಮಿಷ ಸಾಕು.

3. ಇಲ್ಲೇ ಆ 'ಎ' ಅಕ್ಷರ ಕೆಲಸಕ್ಕೆ ಬರುವುದು. ಜೊತೆಗಾರನ ಫಸ್ಟ್ ಸ್ಟೇಜ್ ಈಗ ಇಬ್ಬರಿಗೆ ಗಾಳಿ ಕೊಡಬೇಕು. ಇಬ್ಬರೂ ಗಾಬರಿಯಲ್ಲಿ ಜೋರಾಗಿ ಉಸಿರೆಳೆದರೆ ಅದೂ ಹೆಪ್ಪುಗಟ್ಟಬಹುದು. ನಿಧಾನವಾಗಿ ಉಸಿರಾಡಿ. ಅವನ ತೋಳು ಹಿಡಿದುಕೊಳ್ಳಿ.

4. ನಿಮಗೆ ಬೇರೆ ಗಾಳಿ ಸಿಕ್ಕಿದ ಮೇಲೆ ಮಾತ್ರ ಜೊತೆಗಾರ ನಿಮ್ಮ ಸಿಲಿಂಡರಿನ ವಾಲ್ವ್ ಮುಚ್ಚಬಹುದು. ಹರಿವು ನಿಂತರೆ ಮಂಜು ಕರಗುತ್ತದೆ, ಉಳಿದ ಗಾಳಿಯೂ ಉಳಿಯುತ್ತದೆ. ಆದರೆ ಮುಚ್ಚಿದರೆ ನಿಮ್ಮ ಸೂಟಿಗೂ ಬಿಸಿಡಿಗೂ ಗಾಳಿ ಬರುವುದಿಲ್ಲ. ಮೇಲೆ ಬರುವಾಗ ಗಾಳಿ ತಾನೇ ಹಿಗ್ಗುವುದರಿಂದ ಅದು ದೊಡ್ಡ ತೊಂದರೆಯಲ್ಲ. ಬಿಡುವುದಷ್ಟೇ ನಿಮ್ಮ ಕೆಲಸ.

5. ಇಬ್ಬರೂ ಒಟ್ಟಿಗೆ, ನಿಮಿಷಕ್ಕೆ 9-10 ಮೀಟರಿಗಿಂತ ವೇಗವಾಗದಂತೆ ಮೇಲೆ ಬನ್ನಿ. ಗಾಳಿ ಸಾಕಷ್ಟಿದ್ದರೆ 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಇಲ್ಲದಿದ್ದರೆ ನಿಲ್ಲದೆ ಬನ್ನಿ.

6. ಮೇಲೆ ಬಂದ ಮೇಲೆ ಬಿಸಿಡಿಯನ್ನು ಬಾಯಿಂದ ಊದಿ. ಸಿಲಿಂಡರ್ ಖಾಲಿ ಅನ್ನುವುದನ್ನು ಮರೆತು ಬಟನ್ ಒತ್ತುತ್ತಾ ಕೂತವರನ್ನು ನೋಡಿದ್ದೇನೆ. ತೇಲಲು ಕಷ್ಟವಾದರೆ ತೂಕ ಬಿಟ್ಟುಬಿಡಿ. ಸೀಸ ಹೋದರೆ ಹೋಗಲಿ.

ಕೆಳಗೆ ಹರಿವು ತಾನಾಗಿ ನಿಂತರೂ ಡೈವ್ ಮುಗಿಯಿತು ಅಂತಲೇ ತಿಳಿಯಿರಿ. ಒಮ್ಮೆ ಹೆಪ್ಪುಗಟ್ಟಿದ್ದು ಅದೇ ನೀರಿನಲ್ಲಿ ಮತ್ತೆ ಹೆಪ್ಪುಗಟ್ಟಬಹುದು.

ಸೂಟಿನ ಗಾಳಿ ಬಟನ್ ಸಿಕ್ಕಿಕೊಂಡರೆ

ಸೂಟ್ ಉಬ್ಬುತ್ತದೆ, ನೀವು ಮೇಲಕ್ಕೆ ಓಡುತ್ತೀರಿ. ಒಂದು ಕೈಯಲ್ಲಿ ಎದೆಯ ಮೇಲಿನ ಕೊಳವೆ ಬಿಚ್ಚಿ. ಎಡ ತೋಳಿನಲ್ಲಿರುವ ಗಾಳಿ ಹೊರಬಿಡುವ ವಾಲ್ವ್ ಪೂರ್ತಿ ತೆರೆದು ಆ ತೋಳನ್ನು ಮೇಲೆತ್ತಿ. ಎರಡೂ ಒಟ್ಟೊಟ್ಟಿಗೆ ಆಗಬೇಕು. ಅದಕ್ಕೇ ದಡದಲ್ಲಿ ಅಭ್ಯಾಸ ಮಾಡಿಸಿದ್ದು. ಮತ್ತೂ ಗಾಳಿ ಹೋಗದಿದ್ದರೆ ಕೊನೆಯ ದಾರಿಯಾಗಿ ಕೈ ಅಥವಾ ಕುತ್ತಿಗೆಯ ಸೀಲ್ ಒಳಗೆ ಬೆರಳು ತೂರಿಸಿ. ನೀರು ಒಳಗೆ ಬರುತ್ತದೆ. ಬರಲಿ, ರಾಕೆಟ್ ಹಾಗೆ ಮೇಲೆ ಹೋಗುವುದಕ್ಕಿಂತ ವಾಸಿ. ಬಿಸಿಡಿ ಬಟನ್ ಸಿಕ್ಕಿಕೊಂಡರೂ ಇದೇ ಕ್ರಮ: ಕೊಳವೆ ಬಿಚ್ಚು, ಗಾಳಿ ಬಿಡು.

ಗಾಳಿ ಕಾಲಿಗೆ ಹೋಗಿ ತಲೆಕೆಳಗಾದರೆ ಮೊಣಕಾಲನ್ನು ಎದೆಗೆ ಮಡಚಿ, ಲಾಗ ಹಾಕಿದ ಹಾಗೆ ಉರುಳಿ, ನೆಟ್ಟಗಾದ ಕೂಡಲೇ ತೋಳೆತ್ತಿ.

ಸೂಟಿನೊಳಗೆ ನೀರು ಬಂದರೆ

ಮಣಿಕಟ್ಟಿನಲ್ಲಿ ಒಂದಿಷ್ಟು ತೇವ ಎಲ್ಲರಿಗೂ ಆಗುತ್ತದೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಸ್ನಾಯುರಜ್ಜುಗಳು (ಟೆಂಡನ್) ಎದ್ದು ಸೀಲ್ ಸಡಿಲವಾಗುತ್ತದೆ, ಅಷ್ಟೇ. ಆದರೆ ನೀರು ಹರಿಯುವುದು ಗೊತ್ತಾಗುತ್ತಿದ್ದರೆ ತಿರುಗಿ. ಸೂಟ್ ತುಂಬಿದರೆ ಮುಳುಗಿಹೋಗುತ್ತೇನೆ ಅನ್ನುವ ಭಯ ಬೇಡ. ಒಳಗಿನ ನೀರಿಗೆ ನೀರಿನಲ್ಲಿ ತೂಕವಿಲ್ಲ. ಕಳೆದುಹೋಗುವುದು ಸೂಟಿನ ಗಾಳಿ ಮತ್ತು ನಿಮ್ಮ ಶಾಖ. ತೇಲಲು ಬಿಸಿಡಿ ಬಳಸಿ. ತೂಕ ಗೊತ್ತಾಗುವುದು ದಡ ಹತ್ತುವಾಗ, ಎರಡೂ ಕಾಲಿನಲ್ಲಿ ಬಿಂದಿಗೆ ಕಟ್ಟಿದ ಹಾಗೆ. ಸಿಲಿಂಡರ್ ನೀರಿನಲ್ಲೇ ಬಿಚ್ಚಿಕೊಟ್ಟು ನಿಧಾನವಾಗಿ ಹತ್ತಿ.

ಬೆರಳಿನ ಸ್ಪರ್ಶ ಹೋದರೆ ಅದನ್ನೂ ಸಲಕರಣೆ ಕೆಟ್ಟ ಹಾಗೇ ಲೆಕ್ಕ ಹಾಕಿ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಆಗದಿದ್ದರೆ ಕೊಳವೆ ಬಿಚ್ಚಲೂ ಆಗುವುದಿಲ್ಲ. ಹೆಬ್ಬೆರಳು ಮೇಲೆ ತೋರಿಸಿ ('ಮೇಲೆ ಹೋಗೋಣ' ಎಂಬ ಸನ್ನೆ) ಹೊರಡಿ. ಯಾರು ಯಾವಾಗ ಬೇಕಾದರೂ ಡೈವ್ ನಿಲ್ಲಿಸಬಹುದು, ಕಾರಣ ಕೇಳುವ ಹಾಗಿಲ್ಲ. ನಮ್ಮ ಗುಂಪಿನಲ್ಲಿ ಹಾಗೆ ನಿಲ್ಲಿಸಿದವರಿಗೆ ಮೊದಲ ಚಹಾ.

ಹಂತ 6: ಎರಡು ಡೈವ್‌ಗಳ ನಡುವೆ

ಒದ್ದೆ ರೆಗ್ಯುಲೇಟರನ್ನು ಬಯಲಲ್ಲಿ ಬಿಟ್ಟರೆ ಒಂದು ಗಂಟೆಯಲ್ಲಿ ಬಟನ್ ಕಲ್ಲಾಗಿರುತ್ತದೆ. ಫಸ್ಟ್ ಸ್ಟೇಜಿನ ಬಾಯಿ ಒರೆಸಿ, ಮುಚ್ಚಳ ಹಾಕಿ, ಕಾರಿನೊಳಗೆ ಇಡಿ. ಹೆಪ್ಪುಗಟ್ಟಿದ್ದೇ ಆದರೆ ಫ್ಲಾಸ್ಕಿನ ಬೆಚ್ಚಗಿನ ನೀರು ಸುರಿದು, ಚೆನ್ನಾಗಿ ಒಣಗಿಸಿ. ಕುದಿಯುವ ನೀರು ಬೇಡ.

ಒದ್ದೆ ಒಳಉಡುಪಿನಲ್ಲಿ ಎರಡನೇ ಡೈವ್ ಮಾಡಬೇಡಿ. ಬೇರೆ ಜೊತೆ ಇದ್ದರೆ ಬದಲಾಯಿಸಿ, ಇಲ್ಲದಿದ್ದರೆ ಮನೆಗೆ ಹೋಗಿ. ನಡುಕ ಬಂದವರಿಗೆ ಒಣ ಬಟ್ಟೆ, ಟೋಪಿ, ಸಿಹಿಯಾದ ಬಿಸಿ ಪಾನೀಯ. ಮದ್ಯ ಬೇಡ. ನಡುಕ ತಾನಾಗಿ ನಿಂತು ಮಾತು ತೊದಲಲು ಶುರುವಾದರೆ ಅದು ಚೇತರಿಕೆಯಲ್ಲ, ಕೂಡಲೇ ಆಂಬುಲೆನ್ಸ್ ಕರೆಯಿರಿ.

ಮನೆಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸುವುದು ಗೊತ್ತೇ ಇದೆ. ಅದರ ಜೊತೆ ಲಾಗ್ ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಏನು ಕೈಕೊಟ್ಟಿತು, ನೀರು ಎಷ್ಟು ಡಿಗ್ರಿ, ಎಷ್ಟು ಆಳ. ನನ್ನ ಪುಸ್ತಕದಲ್ಲಿ ಎಡ ಮಣಿಕಟ್ಟಿನ ಸೀಲ್ ಬಗ್ಗೆ "ಸ್ವಲ್ಪ ತೇವ" ಅಂತ ಸಾಲಾಗಿ ಮೂರು ಡೈವ್ ಬರೆದಿತ್ತು. ನಾಲ್ಕನೆಯದಕ್ಕೆ ಹೊರಡುವ ಹಿಂದಿನ ರಾತ್ರಿ ಅದನ್ನು ಓದಿ ಅವಲಕ್ಕಿ ಡಬ್ಬಿ ತೆಗೆದೆ. ಹೊಲಿಗೆಯ ಪಕ್ಕ ಸೂಜಿ ಮೊನೆಯಷ್ಟು ತೂತು, ಸೋಪಿನ ನೀರಿನಲ್ಲಿ ಗುಳ್ಳೆ ಬಿಡುತ್ತಾ ಕೂತಿತ್ತು.